ಆಕಾಶಯಾನದ ಚಿಲ್ಲರೆ ಲೆಕ್ಕ

ಹಾಸನದ ಕಾಲೇಜೊಂದರಲ್ಲಿ ವಾಣಿಜ್ಯಶಾಸ್ತ್ರ ಹೇಳಿಕೊಡುವ ಮೇಷ್ಟರೊಬ್ಬರಿಗೆ ಒಂದು ವಿಮಾನ ಕಂಪನಿಯ ಮೇಲೆ ಬಲು ಅಭಿಮಾನ. ದೆಹಲಿಯಲ್ಲಿರುವ ಅಕ್ಕನ ಮನೆಗೆ ವರ್ಷಕ್ಕೊಮ್ಮೆ ಹೋಗಿಬರುವ ಅವರು ಹತ್ತು ವರ್ಷಗಳಲ್ಲಿ ಬೇರೆ ಕಂಪನಿಯ ವಿಮಾನ ಹತ್ತಿದವರಲ್ಲ. ಹೊತ್ತಿಗೆ ಸರಿಯಾಗಿ ಹೊರಡುತ್ತದೆ, ಸುಖವಾಗಿ ಇಳಿಸುತ್ತದೆ, ಇನ್ನೇನು ಬೇಕು ಎನ್ನುವುದು ಅವರ ವಾದ. ಊಟಕ್ಕೆ ದುಡ್ಡು, ಕಿಟಕಿ ಪಕ್ಕದ ಸೀಟಿಗೆ ದುಡ್ಡು, ಹೆಚ್ಚಿನ ಲಗೇಜಿಗೆ ದುಡ್ಡು ಎಂದು ಸ್ಟಾಫ್ ರೂಮಿನಲ್ಲಿ ಯಾರಾದರೂ ಗೊಣಗಿದರೆ, ‘ಒಂದು ಕೈಚೀಲ ಹಿಡಿದು ಹೋಗುವ ನಾನು ನಿಮ್ಮ ಟ್ರಂಕಿನ ಬಾಡಿಗೆ ಯಾಕೆ ಕೊಡಬೇಕು ಸ್ವಾಮಿ?’ ಎಂದು ಬಾಯಿ ಮುಚ್ಚಿಸುತ್ತಿದ್ದರು.

ಬೆಲೆ ನಿರ್ಧಾರದ ಪಾಠ ಬಂದಾಗಲೆಲ್ಲ ತರಗತಿಯಲ್ಲೂ ವಿಮಾನದ್ದೇ ಉದಾಹರಣೆ. 1981ರಲ್ಲಿ ಅಮೆರಿಕದಲ್ಲಿ ಹಾರಾಟ ಆರಂಭಿಸಿದ ಪೀಪಲ್ ಎಕ್ಸ್‌ಪ್ರೆಸ್ ಎಂಬ ಕಂಪನಿ ಟಿಕೆಟ್ ದರ ಇಳಿಸಿ, ಪೆಟ್ಟಿಗೆಯೊಂದಕ್ಕೆ ಮೂರು ಡಾಲರ್ ಬೇರೆಯಾಗಿ ಕೇಳಿತು. 2008ರಲ್ಲಿ ಇಂಧನದ ಬೆಲೆ ಗಗನಕ್ಕೇರಿದಾಗ ಅಮೆರಿಕನ್ ಏರ್‌ಲೈನ್ಸ್‌ನಂಥ ದೊಡ್ಡ ಕಂಪನಿಯೇ ಮೊದಲ ಪೆಟ್ಟಿಗೆಗೆ ಹದಿನೈದು ಡಾಲರ್ ವಿಧಿಸಿತು. ನಮ್ಮಲ್ಲಿ ಹಾಸನ ಜಿಲ್ಲೆಯ ಗೊರೂರಿನವರೇ ಆದ ಕ್ಯಾಪ್ಟನ್ ಗೋಪಿನಾಥ್ ಅವರ ಏರ್ ಡೆಕ್ಕನ್, 2003ರಲ್ಲಿ ಬೆಂಗಳೂರಿನಿಂದ ಹುಬ್ಬಳ್ಳಿಗೆ ಮೊದಲ ವಿಮಾನ ಹಾರಿಸಿತು. ಅದರಲ್ಲಿ ಪುಕ್ಕಟೆ ಊಟವಿರಲಿಲ್ಲ. ಆದರೆ ಅಲ್ಲಿಯವರೆಗೆ ವಿಮಾನವನ್ನು ತಲೆಯೆತ್ತಿ ನೋಡುತ್ತಿದ್ದ ಎಷ್ಟೋ ಜನ ಅದರೊಳಗೆ ಕುಳಿತರು. 2013ರಲ್ಲಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವೂ ಆಯ್ದುಕೊಳ್ಳುವ ಸೀಟು, ಊಟ, ಲಗೇಜು ಮುಂತಾದವಕ್ಕೆ ಪ್ರತ್ಯೇಕ ದರ ಹಾಕಲು ಅನುಮತಿ ಕೊಟ್ಟಿತು. ‘ಬೇಕಾದವನು ಕೊಡಲಿ, ಬೇಡದವನು ಉಳಿಸಲಿ’ ಎಂದು ಮೇಷ್ಟರು ಪಾಠ ಮುಗಿಸುತ್ತಿದ್ದರು. ಬೆಂಚಿನಲ್ಲಿದ್ದ ಹುಡುಗರಿಗೂ ಅದು ನ್ಯಾಯವಾಗಿಯೇ ಕಾಣುತ್ತಿತ್ತು.

2023ರ ಆಗಸ್ಟ್‌ನಲ್ಲಿ ಮಗಳಿಗೆ ದೆಹಲಿಯ ಕಾಲೇಜೊಂದರಲ್ಲಿ ಸೀಟು ಸಿಕ್ಕಿತು. ಹಾಸ್ಟೆಲ್ಲಿಗೆ ಬಿಟ್ಟುಬರಲು ತಂದೆತಾಯಿ ಇಬ್ಬರೂ ಹೊರಟರು. ತಾಯಿಗೆ ಅದೇ ಮೊದಲ ವಿಮಾನಯಾನ. ಕಂಪ್ಯೂಟರ್ ಮುಂದೆ ಕುಳಿತು ಟಿಕೆಟ್ ತೆಗೆಯುವಾಗ ಸೀಟುಗಳ ನಕ್ಷೆ ಕಾಣಿಸಿತು. ಒಂದೊಂದು ಚೌಕದ ಮೇಲೂ ಒಂದೊಂದು ಬೆಲೆ. ಮೇಷ್ಟರು ನಕ್ಕು ಅದನ್ನು ದಾಟಿಸಿ ಮುಂದಕ್ಕೆ ಹೋದರು. ಮೂವರಿಗೆ ಒಂಬೈನೂರು ರೂಪಾಯಿ ಉಳಿಯಿತೆಂದು ಹೆಂಡತಿಗೆ ಹೆಮ್ಮೆಯಿಂದ ಹೇಳಿದರು.

ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಲೆಕ್ಕ ತಿರುಗಿಬಿತ್ತು. ಒಬ್ಬರಿಗೆ ಹದಿನೈದು ಕಿಲೋದಂತೆ ಮೂವರಿಗೆ ನಲವತ್ತೈದು. ತೂಕದ ಯಂತ್ರ ಐವತ್ತೆರಡು ತೋರಿಸಿತು. ಹೆಚ್ಚಿನ ಒಂದೊಂದು ಕಿಲೋಗೂ ಐನೂರು ರೂಪಾಯಿಗಿಂತ ಮೇಲೆ. ಹಿಂದಿನ ದಿನವೇ ಮನೆಯಿಂದ ಕಟ್ಟಿದ್ದರೆ ಕಡಿಮೆಯಾಗುತ್ತಿತ್ತೆಂದು ಕೌಂಟರಿನ ಹುಡುಗಿ ವಿನಯವಾಗಿಯೇ ಹೇಳಿದಳು. ಸಾಲಿನಲ್ಲಿ ನಿಂತವರೆಲ್ಲ ನೋಡುತ್ತಿದ್ದಂತೆ ಸೂಟ್‌ಕೇಸುಗಳು ನೆಲದ ಮೇಲೆ ಬಾಯ್ದೆರೆದವು. ಮಗಳು ತನ್ನ ದಪ್ಪ ಪುಸ್ತಕಗಳನ್ನು ತೆಗೆದು ಪಕ್ಕಕ್ಕಿಟ್ಟಳು. ತಾಯಿ ಅವನ್ನು ಮತ್ತೆ ಒಳಗೆ ತುರುಕಿ, ಮೂರು ದಿನ ಕೂತು ಮಾಡಿದ್ದ ಚಟ್ನಿಪುಡಿ, ಸಾರಿನಪುಡಿ, ಕೋಡುಬಳೆಯ ಡಬ್ಬಗಳನ್ನು ಹೊರಗೆ ತೆಗೆದರು. ‘ಅದನ್ನ ಇಡಮ್ಮಾ’ ಎಂದು ಇವಳು, ‘ಇದು ಅಲ್ಲೂ ಸಿಗುತ್ತೆ ಪುಟ್ಟಿ’ ಎಂದು ಅವರು. ಚಟ್ನಿಪುಡಿ ದೆಹಲಿಯಲ್ಲಿ ಸಿಗುವುದಿಲ್ಲವೆಂಬುದು ಮೂವರಿಗೂ ಗೊತ್ತಿತ್ತು. ಮೇಷ್ಟರು ಒಂದೂ ಮಾತಾಡದೆ ಏಳು ಕಿಲೋಗೂ ದುಡ್ಡು ಕಟ್ಟಿದರು.

ವಿಮಾನದಲ್ಲಿ ಮೂವರಿಗೂ ಮೂರು ದಿಕ್ಕು. ಮಗಳು ಮುಂದೆ, ಮೇಷ್ಟರು ನಡುವೆ, ತಾಯಿ ಹಿಂಬದಿಯ ಸಾಲಿನಲ್ಲಿ ಇಬ್ಬರು ಅಪರಿಚಿತರ ನಡುವೆ. ಬೆಲ್ಟ್ ಹಾಕಿಕೊಳ್ಳಲು ಪಕ್ಕದವರೇ ನೆರವಾಗಬೇಕಾಯಿತು. ಇನ್ನು ನಾಲ್ಕು ತಿಂಗಳು ನೋಡಲಾಗದ ಮಗಳ ತಲೆಯ ತುದಿ ಮಾತ್ರ ಅವರಿಗೆ ಆಗೊಮ್ಮೆ ಈಗೊಮ್ಮೆ ಕಾಣುತ್ತಿತ್ತು.

ದೆಹಲಿಯಲ್ಲಿ ಇಳಿದವರೇ ಆಕೆ ಮೊದಲು ಹುಡುಕಿದ್ದು ನೀರನ್ನು. ಎರಡು ಮುಕ್ಕಾಲು ಗಂಟೆ ಗಂಟಲು ಒಣಗಿಸಿಕೊಂಡೇ ಕೂತಿದ್ದರಂತೆ. ‘ಕೇಳಬಾರದಿತ್ತೇನೆ?’ ಎಂದು ಮೇಷ್ಟರು ಗದರಿದರೆ, ‘ಎಲ್ಲಕ್ಕೂ ದುಡ್ಡು ಅಂತ ನೀವೇ ಹೇಳಿದ್ರಲ್ಲ. ಲಗೇಜಿಗೇ ಅಷ್ಟು ಕೊಟ್ರಿ, ಇನ್ನು ನೀರಿಗೆ ಬೇರೆ ಯಾಕ್ರೀ ಅಂತ ಸುಮ್ಮನಾದೆ’ ಎಂದರು. ಕುಡಿಯುವ ನೀರಿಗೆ ಪ್ರತ್ಯೇಕ ದರ ಹಾಕುವಂತಿಲ್ಲವೆಂದು 2013ರ ಆದೇಶವೇ ಹೇಳಿತ್ತು. ತರಗತಿಯಲ್ಲಿ ಎಷ್ಟೋ ಸಲ ಆ ಆದೇಶವನ್ನು ವಿವರಿಸಿದ್ದ ಮೇಷ್ಟರು ಮನೆಯಲ್ಲಿ ಆ ಒಂದು ಸಾಲನ್ನು ಹೇಳಿರಲಿಲ್ಲ.

ಹಾಸ್ಟೆಲ್ಲಿನಲ್ಲಿ ಇನ್ನೊಂದು ಪಾಠ ಕಾದಿತ್ತು. ಹಲವು ಕಂಪನಿಗಳಲ್ಲಿ ವಿದ್ಯಾರ್ಥಿಗಳಿಗೆಂದೇ ಬೇರೆ ದರವಿದೆ, ಟಿಕೆಟ್ ತೆಗೆಯುವಾಗಲೇ ಅದನ್ನು ಆರಿಸಿ ಕಾಲೇಜಿನ ಗುರುತಿನ ಚೀಟಿ ತೋರಿಸಿದರೆ ಹತ್ತು ಕಿಲೋ ಹೆಚ್ಚು ಒಯ್ಯಬಹುದು ಎಂದು ಮಗಳ ಕೋಣೆಯ ಹುಡುಗಿ ತಿಳಿಸಿದಳು. ಸೀಟುಗಳ ನಕ್ಷೆಯನ್ನು ನಗುತ್ತಾ ದಾಟಿಸಿದ ಮೇಷ್ಟರು ಆ ಪುಟ್ಟ ಚೌಕವನ್ನು ನೋಡಿಯೇ ಇರಲಿಲ್ಲ.

ಮೇಷ್ಟರು ಈಗಲೂ ಅದೇ ಕಂಪನಿಯ ವಿಮಾನದಲ್ಲೇ ಹೋಗುತ್ತಾರೆ. ಬೇರೆಬೇರೆ ದರ ಹಾಕುವುದು ತಪ್ಪೆಂದು ಅವರಿಗೆ ಇಂದಿಗೂ ಅನ್ನಿಸಿಲ್ಲ. ನಮ್ಮ ಬಸ್ಸಿನ ಕಂಡಕ್ಟರೂ ಮೂಟೆಗೆ ಲಗೇಜು ಚೀಟಿ ಹರಿಯುತ್ತಾನಲ್ಲ ಎನ್ನುತ್ತಾರೆ. ಆದರೆ ಪಾಠದ ಕೊನೆಗೆ ಈಗ ಎರಡು ಮಾತು ಸೇರಿವೆ. ಒಟ್ಟು ಎಷ್ಟಾಗುತ್ತದೆಂದು ಕಂಪನಿ ಮೊದಲ ಪುಟದಲ್ಲೇ ಹೇಳಬೇಕು, ಕೊನೆಯ ಪುಟದವರೆಗೆ ಚಿಲ್ಲರೆ ಚಿಲ್ಲರೆಯಾಗಿ ಏರಿಸಬಾರದು ಎಂಬುದು ಒಂದು. ಒಂಟಿ ಪ್ರಯಾಣಿಕನಿಗೆ ಬೇಡವಾದದ್ದು ಮಕ್ಕಳೊಂದಿಗ ಹೊರಟವರಿಗೆ ಬೇಕೇಬೇಕಾಗಬಹುದು ಎಂಬುದು ಇನ್ನೊಂದು. ಇದನ್ನು ಹೇಳುವಾಗ ಅವರ ದನಿ ಸ್ವಲ್ಪ ತಗ್ಗುತ್ತದೆ.

ಮುಂದಿನ ವರ್ಷ ಮಗಳನ್ನು ನೋಡಲು ಗಂಡಹೆಂಡಿರು ಮತ್ತೆ ಹೊರಟಾಗ ಮೇಷ್ಟರು ಮನೆಯಲ್ಲೇ ಎರಡು ಸಲ ತೂಕ ಹಾಕಿದರು, ಅಕ್ಕಪಕ್ಕದ ಎರಡು ಸೀಟಿಗೆ ದುಡ್ಡನ್ನೂ ಕಟ್ಟಿದರು. ವಿಮಾನ ಮೇಲೇರಿದ ಕೂಡಲೇ ಆಕೆ ಗಗನಸಖಿಯನ್ನು ಕರೆದು ಎರಡು ಲೋಟ ನೀರು ಕೇಳಿದರು. ಒಂದನ್ನು ಕುಡಿದು, ಇನ್ನೊಂದನ್ನು ಗಂಡನ ಕೈಗಿತ್ತರು.