ಹಳೆಯ ಪ್ರತಿ

ಪ್ರೊಸೆಸರ್ ಒಂದು ಸಂಖ್ಯೆಗಾಗಿ ಮುಖ್ಯ ಮೆಮೊರಿಯವರೆಗೆ ಹೋಗಿ ಬರುವ ಹೊತ್ತಿನಲ್ಲಿ ನೂರಾರು ಸಣ್ಣ ಲೆಕ್ಕ ಮುಗಿಸಬಲ್ಲದು. ಹಾಗಾಗಿ ಬೇಕಾದದ್ದರ ಪ್ರತಿಯನ್ನು ಪಕ್ಕದಲ್ಲೇ, ಕ್ಯಾಶ್ ಎಂಬ ಪುಟ್ಟ ಗೂಡಿನಲ್ಲಿ ಇಟ್ಟುಕೊಳ್ಳುತ್ತದೆ. ಒಲೆಯ ಪಕ್ಕದ ಸಾಸಿವೆ ಡಬ್ಬಿಯ ಹಾಗೆ. ಪ್ರತಿ ಒಗ್ಗರಣೆಗೂ ಯಾರೂ ಅಂಗಡಿಗೆ ಓಡುವುದಿಲ್ಲವಲ್ಲ.

ತೊಂದರೆ ಶುರುವಾಗುವುದು ಅದೇ ಮೆಮೊರಿಗೆ ಇನ್ನೊಬ್ಬರು ಬರೆದಾಗ. ಕ್ಯಾಮೆರಾ, ನೆಟ್‌ವರ್ಕ್ ಕಾರ್ಡ್‌ಗಳು ಡಿಎಂಎ ಎಂಬ ದಾರಿಯಲ್ಲಿ, ಪ್ರೊಸೆಸರನ್ನು ಕೇಳದೆ ನೇರ ಮೆಮೊರಿಗೆ ಬರೆಯುತ್ತವೆ. ಇಂಟೆಲ್, ಎಎಂಡಿ ಲ್ಯಾಪ್‌ಟಾಪ್‌ಗಳಲ್ಲಿ ಹಾರ್ಡ್‌ವೇರೇ ಸಾಮಾನ್ಯವಾಗಿ ಇದನ್ನು ಸರಿದೂಗಿಸುತ್ತದೆ. ಎಷ್ಟೋ ಎಆರ್‌ಎಂ ಬೋರ್ಡುಗಳಲ್ಲಿ ಆ ಸೌಕರ್ಯವಿಲ್ಲ. ಅಲ್ಲಿ ಕರ್ನಲ್ಲೇ ಹೇಳಬೇಕು.

ಅಂಥದೊಂದು ಬೋರ್ಡಿನ ಕ್ಯಾಮೆರಾ ಡ್ರೈವರ್ ಒಮ್ಮೆ ನನ್ನ ಕೈಗೆ ಬಂತು. ಚಿತ್ರದಲ್ಲಿ ಅಲ್ಲಲ್ಲಿ ಸಣ್ಣ ಗೀಟುಗಳು. ಹತ್ತಿರದಿಂದ ನೋಡಿದರೆ ಅವು ಹಿಂದಿನ ಚಿತ್ರದ ಚೂರುಗಳು. ಪರೀಕ್ಷೆಗೆಂದು ಎರಡು ಪ್ರಿಂಟ್ ಸಾಲು ಸೇರಿಸಿದರೆ ಕಡಿಮೆಯಾಗುತ್ತಿದ್ದವು. ಕೊನೆಗೆ ಗೀಟಿನ ಉದ್ದ ಎಣಿಸಿದೆ: 32 ಪಿಕ್ಸೆಲ್. ಪಿಕ್ಸೆಲ್‌ಗೆ 2 ಬೈಟ್, ಒಟ್ಟು 64. ಆ ಪ್ರೊಸೆಸರಿನ ಕ್ಯಾಶ್ ಸಾಲಿನ ಅಳತೆಯೂ ಅಷ್ಟೇ. ಕ್ಯಾಮೆರಾ ಹೊಸದನ್ನೇ ಬರೆದಿತ್ತು. ಪ್ರೊಸೆಸರ್ ತನ್ನ ಬಳಿಯಿದ್ದ ಹಳೆಯದನ್ನು ಓದುತ್ತಿತ್ತು. ಯಾರೂ ಸುಳ್ಳು ಹೇಳಿರಲಿಲ್ಲ.

ಲಿನಕ್ಸ್ ಇದನ್ನು ಒಡೆತನದ ಪ್ರಶ್ನೆಯಾಗಿ ನೋಡುತ್ತದೆ. ಬಫರನ್ನು ಸಾಧನಕ್ಕೆ ಒಪ್ಪಿಸಿದ ಮೇಲೆ, ಮರಳಿ ಪಡೆಯುವವರೆಗೆ ಪ್ರೊಸೆಸರ್ ಅದನ್ನು ಮುಟ್ಟಬಾರದು. ಒಪ್ಪಿಸುವಾಗ ಕ್ಯಾಶಿನಲ್ಲಿ ಉಳಿದ ಬರಹವನ್ನು ಮೆಮೊರಿಗೆ ಇಳಿಸಬೇಕು. ಇಲ್ಲದಿದ್ದರೆ ಅದು ಆಮೇಲೆ ತಾನಾಗಿ ಇಳಿದು ಹೊಸದನ್ನು ಅಳಿಸಿಬಿಡಬಹುದು. ಮರಳಿ ಪಡೆಯುವಾಗ ಕ್ಯಾಶಿನ ಪ್ರತಿಯನ್ನು ಎಸೆಯಬೇಕು. ಮುಂದೆ ಬೇಕಾದೀತೆಂದು ಊಹಿಸಿ ಪ್ರೊಸೆಸರ್ ನಡುವೆಯೇ ಹಳೆಯದನ್ನು ತಂದಿಟ್ಟುಕೊಂಡಿರುವ ಸಾಧ್ಯತೆ ಉಂಟು. ಆ ಡ್ರೈವರಿನಲ್ಲಿ ಇಲ್ಲದಿದ್ದದ್ದು ಈ ಎರಡನೆಯ ಹೆಜ್ಜೆ, ಒಂದೇ ಸಾಲಿನ ಕೋಡ್. ಎಸೆಯುವಾಗಲೂ ಎಚ್ಚರ ಬೇಕು. ಎಸೆದರೆ 64 ಬೈಟಿನ ಇಡೀ ಸಾಲು ಹೋಗುತ್ತದೆ. ಅದರಲ್ಲಿ ಪಕ್ಕದವರ, ಇನ್ನೂ ಮೆಮೊರಿಗೆ ಇಳಿಯದ ಬರಹವಿದ್ದರೆ ಅದೂ ಹೋಗುತ್ತದೆ.

ಊರು ಬಿಟ್ಟು ಬಹಳ ವರ್ಷವಾದವರಿಗೆ ಇದು ಹತ್ತಿರದ ಮಾತು. ಅಪ್ಪನ ಮಂಡಿನೋವು, ತಂಗಿಯ ಸಿಟ್ಟು, ತೋಟದ ಬಾವಿಯ ನೀರು, ಇವೆಲ್ಲದರ ಬಗ್ಗೆ ನನ್ನ ಬಳಿಯಿರುವುದು ಕಳೆದ ರಜೆಯ ಪ್ರತಿ. ಅದು ಥಟ್ಟನೆ ಸಿಗುತ್ತದೆ, ಅದಕ್ಕೇ ನಿಜವೆನಿಸುತ್ತದೆ. ಈಗೀಗ ಫೋನಿನಲ್ಲಿ ‘ಗೊತ್ತು ಬಿಡು’ ಎನ್ನುವ ಮೊದಲು ಕೇಳುತ್ತೇನೆ. ಉತ್ತರ ಬರಲು ತುಸು ತಡವಾಗುತ್ತದೆ. ಅಷ್ಟು ದೂರದಿಂದ ಬರಬೇಕಲ್ಲ.