ಮುಗಿದಿಲ್ಲ, ಆದ್ರೂ ಬಿಟ್ಬಿಡೋಣ್ವಾ?

ಭಾನುವಾರ ಬೆಳಗ್ಗೆ ಎಂಟೂವರೆಗೆ ಮೇಷ್ಟ್ರ ಫೋನು. ನಾನಿನ್ನೂ ಹೊದಿಕೆಯೊಳಗೇ ಇದ್ದೆ.

"ಏನಪ್ಪಾ, ಮುಗೀತಾ?"

ಆರು ತಿಂಗಳಿಂದ ಪ್ರತೀ ಭಾನುವಾರ ಇದೇ ಪ್ರಶ್ನೆ. ಆರು ತಿಂಗಳಿಂದ ನನ್ನದೂ ಒಂದೇ ಉತ್ತರ, "ಇನ್ನೇನು ಎರಡೇ ವಾರ ಮೇಷ್ಟ್ರೇ". ಆಫೀಸಿನಲ್ಲಿ ಮ್ಯಾನೇಜರಿಗೆ ಹೇಳಿ ಹೇಳಿ ಅಭ್ಯಾಸವಾಗಿರುವ ಉತ್ತರ, ಮೇಷ್ಟ್ರಿಗೂ ಅದನ್ನೇ ದಾಟಿಸಿದ್ದೆ :-)

ವಿಷಯ ಇಷ್ಟು. ನಮ್ಮೂರಿನಲ್ಲಿ ಒಂದು ಪುಟ್ಟ ವಾಚನಾಲಯ ಇದೆ. ನಾನು ಹೈಸ್ಕೂಲಿನಲ್ಲಿದ್ದಾಗ ಬೇಸಿಗೆ ರಜೆಯಿಡೀ ಕಳೆದ ಜಾಗ ಅದು. ಅದನ್ನು ನೋಡಿಕೊಳ್ಳುವವರು ನಮ್ಮ ಕನ್ನಡ ಮೇಷ್ಟ್ರು, ನಿವೃತ್ತಿಯಾಗಿ ಬಹಳ ವರ್ಷಗಳಾದವು. ಅಲ್ಲಿರುವ ಸುಮಾರು ನಾಲ್ಕು ಸಾವಿರ ಪುಸ್ತಕಗಳ ಪಟ್ಟಿಯನ್ನು ಅವರೇ ಕೂತು, ಎರಡು ಬೆರಳಲ್ಲಿ, ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ್ದರು. ಯಾರೋ ಹಳೇ ವಿದ್ಯಾರ್ಥಿ ಅದಕ್ಕೊಂದು ವೆಬ್‌ಸೈಟ್ ಮಾಡಿಕೊಟ್ಟಿದ್ದ. ಅವನು ಕೆಲಸ ಸಿಕ್ಕಿ ದೂರ ಹೋದ, ವೆಬ್‌ಸೈಟ್ ಹಾಗೇ ಉಳಿಯಿತು. ಅದನ್ನು ಹೊಸದಾಗಿ ಕಟ್ಟಿಕೊಡ್ತೀನಿ ಅಂತ ಒಂದು ಯುಗಾದಿಯ ದಿನ, ಹೋಳಿಗೆ ತಿಂದ ಉಮೇದಿನಲ್ಲಿ ನಾನು ಒಪ್ಪಿಕೊಂಡುಬಿಟ್ಟೆ.

ಆವತ್ತು ಫೋನಿನಲ್ಲಿ ಮೇಷ್ಟ್ರು ಇನ್ನೊಂದು ಮಾತು ಸೇರಿಸಿದರು. "ಅದೇನೋ ಇಂಗ್ಲಿಷಿನಲ್ಲಿ ಒಂದು ಮೇಲ್ ಬಂದಿದೆ, ನೋಡು ಮಾರಾಯ." ನೋಡಿದೆ. ನಮಗೆ ಸರ್ವರ್ ಬಾಡಿಗೆಗೆ ಕೊಟ್ಟವರು ಬರೆದಿದ್ದರು, ಈ ತಿಂಗಳ ಕೊನೆಗೆ ಪಿಎಚ್‌ಪಿ 5.6 ಅನ್ನು ತೆಗೆದುಹಾಕುತ್ತೇವೆ ಅಂತ. ಅವರದ್ದೇನೂ ತಪ್ಪಿಲ್ಲ. ಪಿಎಚ್‌ಪಿ 5.6ಕ್ಕೆ ಭದ್ರತಾ ತಿದ್ದುಪಡಿಗಳು ಬರುವುದು 2018ರ ಡಿಸೆಂಬರಿಗೇ ನಿಂತಿತ್ತು. ನಮ್ಮ ಹಳೇ ಸೈಟು ಡೇಟಾಬೇಸ್ ಜೊತೆ ಮಾತಾಡುತ್ತಿದ್ದ ಫಂಕ್ಷನ್‌ಗಳನ್ನು 2015ರಲ್ಲಿ ಬಂದ ಪಿಎಚ್‌ಪಿ 7ರಲ್ಲೇ ಕಿತ್ತು ಹಾಕಿದ್ದರು. ಅಂದರೆ 30ನೇ ತಾರೀಕಿನ ನಂತರ ಹಳೇ ಸೈಟು ತೆರೆದರೆ ಬಿಳೀ ಪುಟ.

ಕೈಯಲ್ಲಿ ಹನ್ನೊಂದು ದಿನ. ಹೊಸ ಸೈಟು ಮುಗಿದಿಲ್ಲ.

ಏನೇನು ಬಾಕಿ ಇತ್ತು ಅಂತ ಒಂದು ಪಟ್ಟಿ ಮಾಡಿದೆ. ಮುಖಪುಟಗಳ ಚಿತ್ರ ಇಲ್ಲ. ಲೇಖಕರ ಪುಟ ಅರ್ಧ ಆಗಿದೆ. ಪುಸ್ತಕ ಕಾದಿರಿಸುವ ಸೌಲಭ್ಯ ಬರೀ ಬಟನ್ ಮಾತ್ರ, ಒತ್ತಿದರೆ ಏನೂ ಆಗಲ್ಲ. ಎಲ್ಲಕ್ಕಿಂತ ದೊಡ್ಡ ತಲೆನೋವು ಅರ್ಕಾವತ್ತು.

ನುಡಿಯ ಹಳೇ ಅಕ್ಷರಗಳನ್ನು ಯೂನಿಕೋಡಿಗೆ ತಿರುಗಿಸಿದವರಿಗೆಲ್ಲ ಈ ಕಷ್ಟ ಗೊತ್ತಿರುತ್ತೆ. ಹಳೇ ಫಾಂಟುಗಳಲ್ಲಿ ಅಕ್ಷರಗಳನ್ನು ಕಣ್ಣಿಗೆ ಕಾಣುವ ಕ್ರಮದಲ್ಲಿ ಇಡುತ್ತಾರೆ. ಅರ್ಕಾವತ್ತು ಅಕ್ಷರದ ಬಲಗಡೆ ಕಾಣುತ್ತದಲ್ಲ, ಅದಕ್ಕೇ ಅದು ಆಮೇಲೆ ಬರುತ್ತದೆ. ಯೂನಿಕೋಡಿನಲ್ಲಿ ಉಚ್ಚಾರದ ಕ್ರಮ, ಅಂದರೆ ಮೊದಲು ರ್, ಆಮೇಲೆ ಅಕ್ಷರ. ಈ ಹಿಂದುಮುಂದನ್ನು ಸರಿಮಾಡದೆ ಸುಮ್ಮನೆ ತಿರುಗಿಸಿದರೆ ಕರ್ನಾಟಕ ಹೋಗಿ 'ಕನಾರ್ಟಕ' ಆಗುತ್ತೆ, ಸೂರ್ಯ 'ಸೂಯರ್' ಆಗುತ್ತೆ. ಭೈರಪ್ಪನವರ 'ಪರ್ವ' ನಮ್ಮ ಪಟ್ಟಿಯಲ್ಲಿ 'ಪವರ್' ಆಗಿ ಕೂತಿತ್ತು!

ಇದಕ್ಕೆ ನಿಯಮ ಬರೆಯಬಹುದು, ಬರೆದೆ ಕೂಡ. ಆದರೆ ಮಧ್ಯೆ ಯಾವಾಗಲೋ ಯಾರೋ ಪುಣ್ಯಾತ್ಮರು ಒಂದಿಷ್ಟು ಪುಸ್ತಕಗಳ ಮೇಲೆ ಮಾತ್ರ ಒಂದು ಕೆಟ್ಟ ಪರಿವರ್ತಕ ಓಡಿಸಿಬಿಟ್ಟಿದ್ದರು. ಅಲ್ಲಿ ನಿಜವಾದ 'ಪವರ್' ಯಾವುದು, 'ಪರ್ವ' ಕೆಟ್ಟು ಆದ 'ಪವರ್' ಯಾವುದು ಅಂತ ಕಂಪ್ಯೂಟರಿಗೆ ತಿಳಿಯುವುದಿಲ್ಲ. ಅನುಮಾನ ಇರುವ ಹೆಸರುಗಳನ್ನೆಲ್ಲ ಒಟ್ಟು ಮಾಡಿದೆ, 312 ಆದವು. ಒಂದೊಂದನ್ನೂ ಮನುಷ್ಯರೇ ನೋಡಬೇಕು.

ಬಿಡೋದಾ, ಬೇಡವಾ? ಎರಡು ರಾತ್ರಿ ಇದೇ ಯೋಚನೆ.

ನಮ್ಮ ವೃತ್ತಿಯಲ್ಲಿ ಎರಡೂ ಕಡೆಗೆ ಕಥೆಗಳಿವೆ. ಕಾದು ಕೆಟ್ಟವರ ಕಥೆ ಬೇಕಾದರೆ ನೆಟ್‌ಸ್ಕೇಪ್. ಅವರ 4ನೇ ಆವೃತ್ತಿ 1997ರಲ್ಲಿ ಬಂತು. ಆಮೇಲೆ ಎಲ್ಲವನ್ನೂ ಮೊದಲಿಂದ ಬರೆಯಲು ಕೂತರು, 5ನೇ ಆವೃತ್ತಿ ಬರಲೇ ಇಲ್ಲ, 2000ದ ನವೆಂಬರಿನಲ್ಲಿ ನೇರ 6 ಬಂತು. ಅಷ್ಟರಲ್ಲಿ ಜನ ಮೈಕ್ರೋಸಾಫ್ಟಿನ ಬ್ರೌಸರಿಗೆ ಹೋಗಿಯಾಗಿತ್ತು. ತಮಾಷೆ ಅಂದರೆ, ಅಷ್ಟು ಕಾಯಿಸಿ ಬಿಟ್ಟ 6 ಕೂಡ ಪೂರ್ತಿ ಬೆಂದಿರಲಿಲ್ಲ. ಅದರ ತಳಪಾಯವಾದ ಮೊಜಿಲ್ಲಾ 1.0 ಆಗಲು 2002ರ ಜೂನ್ ಬೇಕಾಯಿತು. ಕಾದರೂ ಕೆಟ್ಟರು, ಅವಸರ ಮಾಡಿಯೂ ಕೆಟ್ಟರು!

ಬೇಯುವ ಮೊದಲೇ ಇಳಿಸಿದವರ ಕಥೆ ಬೇಕಾದರೆ ಅಮೆರಿಕದ ಆರೋಗ್ಯ ವಿಮೆಯ ಸರ್ಕಾರಿ ತಾಣ, ಹೆಲ್ತ್‌ಕೇರ್ ಡಾಟ್ ಗವ್. 2013ರ ಅಕ್ಟೋಬರ್ 1ಕ್ಕೆ ತೆರೆಯಲೇಬೇಕು ಅಂತ ತೆರೆದರು. ಮೊದಲ ದಿನ ಅದರ ಮೂಲಕ ವಿಮೆಗೆ ಸೇರಲು ಆಗಿದ್ದು ಆರೇ ಆರು ಜನಕ್ಕೆ. ಆಮೇಲೆ ರಿಪೇರಿ ಮಾಡಿದರು. 2014ರ ಏಪ್ರಿಲ್ ಹೊತ್ತಿಗೆ ರಾಜ್ಯಗಳ ತಾಣಗಳೂ ಸೇರಿ ಎಂಬತ್ತು ಲಕ್ಷ ಜನ ಸೇರಿದ್ದರು. ಆದರೆ ಆ ಮೊದಲ ತಿಂಗಳುಗಳಲ್ಲಿ ಪರದೆ ನೋಡುತ್ತಾ ಕೂತವರಿಗೆ ಈ ಎಂಬತ್ತು ಲಕ್ಷದಿಂದ ಏನು ಸಮಾಧಾನ?

ಬುದ್ಧಿವಂತಿಕೆ ಕಂಡಿದ್ದು ಬ್ರಿಟನ್ನಿನ ಸರ್ಕಾರಿ ತಾಣದವರಲ್ಲಿ. ಹೊಸದನ್ನು 2012ರ ಆರಂಭದಲ್ಲೇ ಬೀಟಾ ಅಂತ ಬಹಿರಂಗವಾಗಿ ಇಟ್ಟರು. ಹಳೇ ತಾಣ ಪಕ್ಕದಲ್ಲೇ ನಡೆಯುತ್ತಿತ್ತು. ತಿಂಗಳುಗಟ್ಟಲೆ ಜನ ಎರಡನ್ನೂ ನೋಡಿದ ಮೇಲೆ ಅಕ್ಟೋಬರ್ 17ಕ್ಕೆ ಹಳೇದನ್ನು ಬದಲಿಸಿದರು. ಇದನ್ನೆಲ್ಲ ಓದುತ್ತಾ ಹೋದಂತೆ ನನ್ನ ಪ್ರಶ್ನೆಯೇ ತಪ್ಪು ಅನ್ನಿಸತೊಡಗಿತು. 'ಮುಗಿದಿದೆಯಾ?' ಅನ್ನುವುದಕ್ಕಿಂತ 'ಇದು ಕೈಕೊಟ್ಟರೆ ಜನಕ್ಕೆ ಇನ್ನೊಂದು ಬಾಗಿಲು ಇದೆಯಾ?' ಅಂತ ಕೇಳಿಕೊಳ್ಳಬೇಕಿತ್ತು.

ನಮ್ಮ ಹಳೇ ಬಾಗಿಲಿನ ಕಥೆಯನ್ನೂ ಹೇಳಿಬಿಡ್ತೀನಿ. ಅದು ನುಡಿ ಫಾಂಟ್ ಇರುವ ಕಂಪ್ಯೂಟರಿನಲ್ಲಿ ಮಾತ್ರ ಕನ್ನಡವಾಗಿ ಕಾಣುತ್ತಿತ್ತು. ಮೊಬೈಲಿನಲ್ಲಿ ತೆರೆದರೆ ಬರೀ ಇಂಗ್ಲಿಷ್ ಅಕ್ಷರ, ಕೊಂಬು, ಬಾಲ. ಊರಿನ ಮಕ್ಕಳೆಲ್ಲ ನೋಡುವುದೇ ಮೊಬೈಲಿನಲ್ಲಿ. ಅಂದರೆ ನಾನು 'ಪರ್ಫೆಕ್ಟ್ ಆಗಲಿ' ಅಂತ ಕಾಯುತ್ತಿದ್ದ ಆರು ತಿಂಗಳೂ ವಾಚನಾಲಯದ ಪಟ್ಟಿ ಅವರ ಪಾಲಿಗೆ ಇರಲೇ ಇಲ್ಲ. ಕಾಯುವುದರಿಂದ ಯಾರಿಗೂ ನಷ್ಟವಿಲ್ಲ ಅಂದುಕೊಂಡಿದ್ದೆನಲ್ಲ, ಅದು ಸುಳ್ಳು.

ಹಾಗಾದರೆ ಯಾಕೆ ಕಾಯುತ್ತಿದ್ದೆ? ನಿಜ ಹೇಳಬೇಕೆಂದರೆ 'ಪವರ್' ನೋಡಿ ಯಾರಾದರೂ ನಕ್ಕರೆ ಅನ್ನುವ ಹೆದರಿಕೆ. ಇಂಜಿನಿಯರಿಂಗ್ ಓದಿ, ಬೆಂಗಳೂರಿನಲ್ಲಿ ಕೂತು ಇದೇ ಕೆಲಸ ಮಾಡುವವನು ಮಾಡಿದ ಸೈಟು ಹೀಗಾ ಅಂತ ಊರಿನಲ್ಲಿ ಮಾತಾದರೆ? ಪುಸ್ತಕ ಹುಡುಕುವವರ ಚಿಂತೆ ನನ್ನ ಪಟ್ಟಿಯಲ್ಲಿ ಬಹಳ ಕೆಳಗಿತ್ತು.

ಮೇಷ್ಟ್ರಿಗೆ ಫೋನ್ ಮಾಡಿ 312ರ ವಿಷಯ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ನಕ್ಕರು. "ಅಲ್ಲಯ್ಯಾ, ನಮ್ಮ ಪುಸ್ತಕದ ರಿಜಿಸ್ಟರು ಯಾವತ್ತು ಮುಗಿದಿತ್ತು? ಕೊನೇ ಸಾಲು ಅಂತ ಬರೆದ ದಿನ ವಾಚನಾಲಯ ಸತ್ತ ಹಾಗೆ." ಆಮೇಲೆ ರಂಗನಾಥನ್ ಅವರ ಬಗ್ಗೆ ಶುರುಮಾಡಿದರು. ಗ್ರಂಥಾಲಯ ವಿಜ್ಞಾನಕ್ಕೆ 1931ರಲ್ಲೇ ಐದು ಸೂತ್ರ ಕೊಟ್ಟವರು, ಕೊನೆಗಾಲದಲ್ಲಿ ಬೆಂಗಳೂರಿನಲ್ಲೇ ಇದ್ದು 1972ರಲ್ಲಿ ತೀರಿಕೊಂಡವರು. ಗ್ರಂಥಾಲಯ ಬೆಳೆಯುತ್ತಲೇ ಇರುವ ಜೀವಿ ಅನ್ನುವುದು ಐದನೇ ಸೂತ್ರದ ಸಾರ. "ನಾಲ್ಕನೇದು ಗೊತ್ತಾ?" ಅಂದರು. ಗೊತ್ತಿರಲಿಲ್ಲ. ಓದುಗರ ಸಮಯ ಹಾಳು ಮಾಡಬಾರದು ಅನ್ನುವುದಂತೆ. "ಅದೊಂದು ನೋಡ್ಕೋ, ಮಿಕ್ಕಿದ್ದು ನಾನು ನೋಡ್ಕೋತೀನಿ" ಅಂತ ಫೋನ್ ಇಟ್ಟರು.

ಬಿಡೋಣ ಅಂತ ತೀರ್ಮಾನ ಮಾಡಿದೆ. ಜೊತೆಗೆ ನನಗೆ ನಾನೇ ಮೂರು ಷರತ್ತು ಹಾಕಿಕೊಂಡೆ. ಒಂದು, ಹಳೇ ಪಟ್ಟಿಯ ಪುಟಗಳನ್ನೆಲ್ಲ ಬರೀ ಎಚ್‌ಟಿಎಂಎಲ್ ಆಗಿ ಇಳಿಸಿ ಪಕ್ಕದಲ್ಲಿ ಇಡಬೇಕು, ಪಿಎಚ್‌ಪಿ ಹೋದರೂ ಅವು ಹೋಗಬಾರದು. ಎರಡು, ಕೆಲಸ ಮಾಡದ ಬಟನ್ ಒಂದೂ ಕಾಣಬಾರದು, ತೆಗೆದುಹಾಕಬೇಕು. ಮೂರು, ಆ 312 ಹೆಸರುಗಳ ಪಕ್ಕ 'ಪರಿಶೀಲನೆ ಬಾಕಿ' ಅಂತ ಬರೆದಿರಬೇಕು. 27ನೇ ತಾರೀಕು ರಾತ್ರಿ ಹನ್ನೊಂದಕ್ಕೆ ಬಿಟ್ಟೆ. ಬಿಡುವ ಮುಂಚೆ ಹುಡುಕಾಟವನ್ನು ಪರೀಕ್ಷೆ ಮಾಡಿದೆ. 'ಪರ್ವ' ಸಿಕ್ತು. 'ಸಂಸ್ಕಾರ' ಸಿಕ್ತು. 'ಮಲೆಗಳಲ್ಲಿ ಮದುಮಗಳು' ಸಿಕ್ತು. ನೆಮ್ಮದಿಯಾಗಿ ಮಲಗಿದೆ.

ಐದನೇ ದಿನ ಮೇಷ್ಟ್ರ ಫೋನು. ದನಿ ಯಾಕೋ ಮೆತ್ತಗಿತ್ತು.

"ನಮ್ಮಲ್ಲಿ 'ಚೋಮನ ದುಡಿ' ಮೂರು ಪ್ರತಿ ಇವೆ. ನಿನ್ನ ಸೈಟು ಇಲ್ಲ ಅಂತಿದೆಯಲ್ಲಪ್ಪಾ."

ನೋಡಿದೆ. ನಿಜ! 'ಚೋಮನ ದುಡಿ' ಅಂತ ಹುಡುಕಿದರೆ 'ಈ ಪುಸ್ತಕ ನಮ್ಮಲ್ಲಿ ಇಲ್ಲ'. ಬರೀ 'ದುಡಿ' ಅಂತ ಹುಡುಕಿದರೆ ಬರುತ್ತಿತ್ತು. ಕಣ್ಣಿಗೆ ಎರಡೂ ಕಡೆ ಅದೇ ಅಕ್ಷರ. ನಾಲ್ಕು ಗಂಟೆ ತಲೆ ಕೆರೆದುಕೊಂಡ ಮೇಲೆ ಗೊತ್ತಾಯ್ತು. ನುಡಿಯಲ್ಲಿ 'ಚೋ' ಅನ್ನುವುದು 'ಚೆ', ಅದಕ್ಕೊಂದು ಕೊಂಬು, ಅದಕ್ಕೊಂದು ದೀರ್ಘ, ಹೀಗೆ ತುಂಡು ತುಂಡು. ನನ್ನ ಪರಿವರ್ತಕ ಆ ತುಂಡುಗಳನ್ನು ಹಾಗೇ ಯೂನಿಕೋಡಿಗೆ ತಂದಿತ್ತು. ಮೊಬೈಲಿನಲ್ಲಿ ಟೈಪ್ ಮಾಡುವವರಿಗೆ ಓತ್ವ ಒಂದೇ ಸಂಕೇತವಾಗಿ ಬರುತ್ತದೆ. ಎರಡೂ ಒಂದೇ ಅಂತ ಯೂನಿಕೋಡ್ ಹೇಳುತ್ತದೆ, ಪರದೆಯ ಮೇಲೂ ಒಂದೇ ಥರ ಕಾಣುತ್ತವೆ, ಆದರೆ ಬೈಟುಗಳನ್ನು ಹೋಲಿಸುವ ನನ್ನ ಪೆದ್ದು ಕೋಡಿಗೆ ಬೇರೆ ಬೇರೆ. 'ಕೀ', 'ಕೇ', 'ಕೈ', 'ಕೊ', 'ಕೋ' ಥರದ ಅಕ್ಷರ ಇರುವ ಹೆಸರುಗಳೆಲ್ಲ ಹೀಗೇ ಕಣ್ಮರೆಯಾಗಿದ್ದವು. ನಾನು ಪರೀಕ್ಷೆ ಮಾಡಿದ ಮೂರು ಹೆಸರುಗಳನ್ನು ಇನ್ನೊಮ್ಮೆ ನೋಡಿ, ಒಂದರಲ್ಲೂ ಅವಿಲ್ಲ. ಸರಿ ಮಾಡಲು ಬೇಕಾಗಿದ್ದು ಒಂದು ಸಾಲು, ಎಲ್ಲವನ್ನೂ ಎನ್‌ಎಫ್‌ಸಿ ರೂಪಕ್ಕೆ ತರುವುದು. ಅಷ್ಟೇ.

ನನ್ನ 312ರ ಪಟ್ಟಿಯಲ್ಲಿ 'ಚೋಮನ ದುಡಿ' ಇರಲಿಲ್ಲ. ನಾನು ಹೆದರಿದ್ದೆಲ್ಲ ಕಣ್ಣಿಗೆ ಕಾಣುವ ತಪ್ಪುಗಳಿಗೆ. 'ಪವರ್' ನೋಡಿದವರು ನಕ್ಕರು, ಮೇಷ್ಟ್ರಿಗೆ ಹೇಳಿದರು, ಅವರು ಸರಿಪಡಿಸಿದರು, ಯಾರಿಗೂ ನಷ್ಟವಾಗಲಿಲ್ಲ. ಕಾಣದ ತಪ್ಪು ಮಾತ್ರ ಬಹಳ ಮರ್ಯಾದೆಯಿಂದ, ಚೆಂದದ ಫಾಂಟಿನಲ್ಲಿ, 'ನಮ್ಮಲ್ಲಿ ಇಲ್ಲ' ಅಂತ ಸುಳ್ಳು ಹೇಳುತ್ತಿತ್ತು. ಇನ್ನೂ ಎರಡು ತಿಂಗಳು ಕಾದಿದ್ದರೆ ಅದು ನನಗೆ ಸಿಗುತ್ತಿತ್ತಾ? ಇಲ್ಲ ಅನ್ಸುತ್ತೆ. ನಾನು ಮುಖಪುಟದ ಚಿತ್ರಗಳನ್ನು ಸೇರಿಸುತ್ತಾ ಕೂತಿರುತ್ತಿದ್ದೆ. ಯಾರೋ ನಿಜವಾಗಿ ಪುಸ್ತಕ ಬೇಕಾದವರು ಬಂದು ಹುಡುಕಿದಾಗಲೇ ಅದು ಸಿಗುವಂಥದ್ದು.

ಅದೇ ರಾತ್ರಿ ಆ ವಾಕ್ಯವನ್ನೂ ಬದಲಿಸಿದೆ. 'ಈ ಪುಸ್ತಕ ನಮ್ಮಲ್ಲಿ ಇಲ್ಲ' ಹೋಗಿ, 'ಹುಡುಕಾಟದಲ್ಲಿ ಸಿಗಲಿಲ್ಲ. ಪಟ್ಟಿ ಇನ್ನೂ ತಿದ್ದುತ್ತಿದ್ದೇವೆ, ದಯವಿಟ್ಟು ವಾಚನಾಲಯದಲ್ಲಿ ಒಮ್ಮೆ ಕೇಳಿ' ಅಂತ ಆಯಿತು. ಮೊದಲ ದಿನವೇ ಬರೆಯಬೇಕಿದ್ದ ವಾಕ್ಯ. ಮೂರು ಷರತ್ತು ಹಾಕಿಕೊಂಡವನಿಗೆ ಈ ನಾಲ್ಕನೇದು ಹೊಳೆದಿರಲಿಲ್ಲ.

ಬಿಟ್ಟಿದ್ದು ಸರಿಯಾ ಅಂತ ಯಾರಾದರೂ ಕೇಳಿದರೆ ಹೌದು ಅಂತಲೇ ಹೇಳ್ತೀನಿ. 312ರಲ್ಲಿ ಈಗ ಉಳಿದಿರುವುದು 41. ಮೇಷ್ಟ್ರು ಒಂದು ನೋಟ್‌ಬುಕ್ಕಿನಲ್ಲಿ ಕೆಂಪು ಪೆನ್ನಿನಿಂದ ಬರೆದು, ಫೋಟೋ ತೆಗೆದು ಕಳಿಸುತ್ತಾರೆ, ನಮ್ಮ ಕಾಪಿ ತಿದ್ದುತ್ತಿದ್ದ ಹಾಗೇ. ಈಗ ಅವರ ಭಾನುವಾರದ ಫೋನು "ಮುಗೀತಾ?" ಅಂತ ಶುರುವಾಗಲ್ಲ.

ಒಂದು ಮಾತ್ರ ಉಳಿದುಕೊಂಡಿದೆ. ಆವತ್ತು 'ಚೋಮನ ದುಡಿ' ಹುಡುಕಿದ್ದು ಒಂಬತ್ತನೇ ಕ್ಲಾಸಿನ ಒಂದು ಹುಡುಗಿಯಂತೆ, ಶಾಲೆಯಲ್ಲಿ ಓದಿಕೊಂಡು ಬಂದು ಬರೆಯಲು ಹೇಳಿದ್ದರಂತೆ. ಇಲ್ಲ ಅಂತ ನೋಡಿ ಅವಳು ವಾಚನಾಲಯಕ್ಕೆ ಬರಲೇ ಇಲ್ಲ. ಯಾರದೋ ನೋಟ್ಸ್ ನೋಡಿ ಬರೆದು ಕೊಟ್ಟಳು. ವಿಷಯ ಮೇಷ್ಟ್ರಿಗೆ ಗೊತ್ತಾಗಿ ಪುಸ್ತಕ ಕಳಿಸುವ ಹೊತ್ತಿಗೆ ಅವಳ ಕೆಲಸ ಮುಗಿದಿತ್ತು. ಪುಸ್ತಕ ಇಸ್ಕೊಂಡಿದ್ದಾಳಂತೆ. ಓದ್ತಾಳೋ ಇಲ್ವೋ, ಅದನ್ನು ಪರೀಕ್ಷೆ ಮಾಡೋಕೆ ನನ್ನ ಹತ್ರ ಯಾವ ಕೋಡೂ ಇಲ್ಲ.