ಬಾಸ್ ನುಡಿಸಿದವನ ಹೆಸರು



1983ರ ಆಗಸ್ಟ್ 2ರಂದು ಜೇಮ್ಸ್ ಜೇಮರ್ಸನ್ ಎಂಬ ಕಪ್ಪು ಕಲಾವಿದ ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ ತೀರಿಕೊಂಡ. ವಯಸ್ಸು ಬರೀ 47. ಸೋಲ್, ರಿದಂ ಅಂಡ್ ಬ್ಲೂಸ್ ಅಂತ ಕರೆಯುವ ಕಪ್ಪು ಜನರ ಹಾಡುಗಳಿಗೆ ಆತ ಬಾಸ್ ಗಿಟಾರ್ ನುಡಿಸುತ್ತಿದ್ದ. ಬಾಸ್ ಅಂದ್ರ ಏನು ಅಂತೀರಾ? ಭಜನಿಯೊಳಗ ಎಡಗೈಲೆ ಬಾರಿಸೋ ಡಗ್ಗಾ ಇರ್ತದಲ್ಲ, ಆ ಗುಂ ಅನ್ನೋ ದನಿ ಅಂತ ತಿಳ್ಕೊಳ್ರಿ. ಇದ್ದಾಗ ಯಾರೂ ಲಕ್ಷ್ಯ ಕೊಡಂಗಿಲ್ಲ, ನಿಂತ್ರ ಹಾಡು ಕಾಲು ಮುರದಂಗ ಆಗ್ತದ. ಜೇಮರ್ಸನ್ ಆ ದನಿಯನ್ನ ಬರೀ ತಾಳ ಕಾಯಾಕ ಬಿಡಲಿಲ್ಲ, ಹಾಡೋರ ಜೋಡಿ ಮಾತಾಡಿಸಿದ. ಅದೂ ಬಲಗೈಯ ತೋರುಬೆರಳು ಒಂದರಿಂದಲೇ.

ಆತ ಹುಟ್ಟಿದ್ದು 1936ರಲ್ಲಿ, ದಕ್ಷಿಣ ಕೆರೊಲಿನಾದ ಎಡಿಸ್ಟೋ ದ್ವೀಪದಲ್ಲಿ. ಅದೇ ಸೀಮೆಯಲ್ಲಿ 1739ರಲ್ಲಿ ಗುಲಾಮರು ಡೋಲು ಬಾರಿಸುತ್ತಾ ದಂಗೆ ಎದ್ದಿದ್ದರು. ಸ್ಟೋನೋ ದಂಗೆ ಅಂತಾರೆ. ಮರುವರ್ಷವೇ ಗುಲಾಮರು ಡೋಲು ಬಾರಿಸಬಾರದು ಅಂತ ಕಾಯ್ದೆ ಬಂತು. ಇದನ್ನ ಓದಿದಾಗ ನನಗ ನಮ್ಮ ಹಲಗಿ ನೆನಪಾತು. ಅಲ್ಲಿ ಬಾರಿಸಬ್ಯಾಡ ಅಂದ್ರು, ಇಲ್ಲಿ ಬಾರಿಸಲೇಬೇಕು ಅಂದ್ರು. ಸಾವಿಗೆ, ಜಾತ್ರೆಗೆ, ಡಂಗುರಕ್ಕ, ಅದೂ ಬಿಟ್ಟಿ. ಅದಕ್ಕೇ ನಮ್ಮಲ್ಲಿ ಹಲಗಿ ಕೆಳಗಿಟ್ಟವರನ್ನ ನಾನು ಎಂದೂ ತಪ್ಪು ಅನ್ನಂಗಿಲ್ಲ. ಬಾಬಾಸಾಹೇಬರ ಮೆರವಣಿಗೆಯಲ್ಲಿ ತಾನಾಗಿ ಹಲಗಿ ಎತ್ತಿಕೊಂಡವರದು ಬ್ಯಾರೆ ಮಾತು.

ಮತ್ತ ಜೇಮರ್ಸನ್ ಕಡೆ ಬರ್ತೀನಿ. 1959ರಲ್ಲಿ ಬೆರ್ರಿ ಗಾರ್ಡಿ ಎಂಬ ಕಪ್ಪು ಯುವಕ ಮನೆಯವರಿಂದ 800 ಡಾಲರ್ ಸಾಲ ತಗೊಂಡು ಡೆಟ್ರಾಯಿಟ್‌ನಲ್ಲಿ ಮೋಟೌನ್ ಎಂಬ ರೆಕಾರ್ಡ್ ಕಂಪನಿ ಕಟ್ಟಿದ. ಇಡೀ ಅಮೆರಿಕ, ಬಿಳಿಯರೂ ಸೇರಿ, ಆ ಹಾಡುಗಳಿಗೆ ಕುಣೀತು. 1964ರ ‘ಮೈ ಗರ್ಲ್’ ಶುರುವಾಗುವುದೇ ಜೇಮರ್ಸನ್‌ನ ಬಾಸ್‌ನಿಂದ. ಸುಪ್ರೀಮ್ಸ್, ಸ್ಟೀವಿ ವಂಡರ್, ಮಾರ್ವಿನ್ ಗೇ, ಎಲ್ಲರ ಹಿಂದೆಯೂ ಆತ ಇದ್ದ. ರೆಕಾರ್ಡಿನ ಕವರ್ ಮೇಲೆ ಮಾತ್ರ ಇರಲಿಲ್ಲ. ಹಾಡಿದವರ ಫೋಟೋ ಇತ್ತು, ವಾದ್ಯ ನುಡಿಸಿದವರ ಹೆಸರಿರಲಿಲ್ಲ. 1971ರಲ್ಲಿ ಮಾರ್ವಿನ್ ಗೇ ತನ್ನ ‘ವಾಟ್ಸ್ ಗೋಯಿಂಗ್ ಆನ್’ ಆಲ್ಬಮ್‌ನಲ್ಲಿ ವಾದ್ಯದವರ ಹೆಸರು ಹಾಕಿಸಿದ. ಆ ಹಾಡಿಗೆ ಜೇಮರ್ಸನ್ ಕುಡಿದು ಕೂಡಲಾಗದೆ ನೆಲದ ಮೇಲೆ ಅಂಗಾತ ಮಲಗಿ ಬಾಸ್ ನುಡಿಸಿದ ಅಂತಾರೆ. ಕುಡಿತ ಕೊನೆಗೆ ಆತನನ್ನ ತಿಂದೇಬಿಟ್ಟಿತು, ಅದನ್ನೇನು ಮುಚ್ಚಿಡೋದು.

1983ರ ಮಾರ್ಚ್‌ನಲ್ಲಿ ಮೋಟೌನ್‌ನ 25 ವರ್ಷದ ದೊಡ್ಡ ಸಮಾರಂಭ ಆಯಿತು. ಮೈಕಲ್ ಜಾಕ್ಸನ್ ಮೂನ್‌ವಾಕ್ ತೋರಿಸಿದ್ದು ಅಲ್ಲೇ. ಜೇಮರ್ಸನ್‌ನನ್ನು ವೇದಿಕೆಗೆ ಕರೆಯಲಿಲ್ಲ. ಆತ ಟಿಕೆಟ್ ತಗೊಂಡು ಬಾಲ್ಕನಿಯೊಳಗ ಕುಂತು ನೋಡಿದ ಅಂತ ಆತನ ಬಗ್ಗೆ ಬರೆದವರು ಹೇಳ್ತಾರ. ಮುಂದೆ ನಾಲ್ಕೇ ತಿಂಗಳು ಬದುಕಿದ್ದ. ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್‌ನ ಗೌರವ ಸಿಕ್ಕಿದ್ದು 2000ದಲ್ಲಿ.

ಬಿಳಿಯರ ಕಂಪನಿ ಇದನ್ನ ಮಾಡಿದ್ದರೆ ನಾನಿಷ್ಟು ಬರೀತಿರಲಿಲ್ಲ. ಮೋಟೌನ್ ಕಪ್ಪು ಜನರ ಹೆಮ್ಮೆಯ ಕಂಪನಿ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಯಾವ ತಾಲ್ಲೂಕಿನದೇ ಇರಲಿ, ನಮ್ಮ ಏಪ್ರಿಲ್ 14ರ ಪಾಂಪ್ಲೆಟ್ ತೆಗೆದು ನೋಡ್ರಿ. ಉದ್ಘಾಟಕರು, ಅಧ್ಯಕ್ಷರು, ಘನ ಉಪಸ್ಥಿತಿ, ಶಾಲು ಹೊದ್ದವರ ಹೆಸರು ಹುದ್ದೆ ಸಮೇತ. ಕೆಳಗ ಒಂದು ಸಾಲು: ‘ಹಲಗಿ ಮೇಳದೊಂದಿಗೆ ಭವ್ಯ ಮೆರವಣಿಗೆ’. ಬಿಸಿಲಾಗ ನಾಲ್ಕು ತಾಸು ಬಾರಿಸಿದ, ಹಲಗಿ ಸಡ್ಲಾದಾಗ ಬೆಂಕಿಗೆ ಕಾಸಿ ಮತ್ತ ಎತ್ತಿಕೊಂಡ ಆ ಅಣ್ಣಗ ಹೆಸರಿಲ್ಲೇನು? ನಾನು ಗುಮಾಸ್ತ. ಹಾಜರಿ ಪುಸ್ತಕದಾಗ ಹೆಸರಿಲ್ಲದವಗ ಪಗಾರ ಆಗಂಗಿಲ್ಲ, ಅವ ಕೆಲಸ ಮಾಡಿದ್ದಕ್ಕ ಸಾಕ್ಷಿನೂ ಉಳಿಯಂಗಿಲ್ಲ ಅನ್ನೋದು ನನಗ ದಿನಾ ಕಾಣ್ತದ.

ಡಿಸೆಂಬರ್ 6ರ ಕಾರ್ಯಕ್ರಮಕ್ಕೆ ಕರಪತ್ರ ಮಾಡಿಸುವ ಗೆಳೆಯರೇ, ಈ ಸಲ ವಾದ್ಯದವರ ಪೂರಾ ಹೆಸರು, ಊರು ಅವರನ್ನೇ ಕೇಳಿ ಬರೆದುಕೊಳ್ರಿ. ಕಾಗದದಾಗ ಜಾಗ ಸಾಲದಿದ್ರ ಘನ ಉಪಸ್ಥಿತಿಯಲ್ಲಿ ನನ್ನ ಹೆಸರು ತೆಗೀರಿ, ನಡೀತದ.

ಮತ್ತೆ ‘ಮೈ ಗರ್ಲ್’ ಕೇಳೋರು ಇಯರ್‌ಫೋನ್ ಹಾಕ್ಕೊಳ್ರಿ. ಮೊಬೈಲಿನ ಸಣ್ಣ ಸ್ಪೀಕರಿನಾಗ ಬಾಸ್ ಸರಿಯಾಗಿ ಕೇಳಂಗಿಲ್ಲ.